ಮೂರು ಇದ್ದಿಲು, ಒಂದೇ ಚಿಲುಮೆ: ಡಬ್ಬಿ ಮೇಲಿನ ಮಾತು ಎಷ್ಟು ನಿಜ?

‘ಬೂದಿಯೇ ಇಲ್ಲ. ವಾಸನೆಯೇ ಇಲ್ಲ. ಎರಡು ಗಂಟೆ ಉರಿ. ದೇಹಕ್ಕೆ ಸಂಪೂರ್ಣ ಸುರಕ್ಷಿತ.’ ದುಬೈನ ಕರಾಮಾದಲ್ಲಿ ಶೀಶಾ, ಅಂದರೆ ಹುಕ್ಕಾ, ಸಾಮಾನು ಮಾರುವ ಅಂಗಡಿಗೆ ಹೊಸದಾಗಿ ಬಂದ ತೆಂಗಿನ ಕರಟದ ಇದ್ದಿಲಿನ ಡಬ್ಬಿ ಮೇಲೆ ಇಷ್ಟೂ ಬರೆದಿತ್ತು. ಬೆಲೆ ಮಾಮೂಲಿ ಡಬ್ಬಿಗಿಂತ ಹತ್ತಿರ ಹತ್ತಿರ ಎರಡರಷ್ಟು. ನಮ್ಮ ಗುಂಪಿನಲ್ಲಿ ಮಂಗಳೂರು, ಉಡುಪಿ, ಭಟ್ಕಳದವರೇ ಜಾಸ್ತಿ. ಒಬ್ಬರೂ ನಂಬಲಿಲ್ಲ. “ಬೂದಿ ಇಲ್ಲದ ಇದ್ದಿಲು ಎಲ್ಲಾದರೂ ಉಂಟಾ ಮಾರಾಯ?” ಅಂದ ಒಬ್ಬ. ಸೌದೆ ಒಲೆಗೆ ಕರಟ ಹಾಕಿ ಹಂಡೆಯಲ್ಲಿ ನೀರು ಕಾಯಿಸಿದ ಮನೆಯವರು ಕೇಳಲೇಬೇಕಾದ ಪ್ರಶ್ನೆ ಅದು.

ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹುಕ್ಕಾ ಮಾರಾಟ, ಸೇವನೆ ಎರಡೂ ನಿಷೇಧ. ಇಲ್ಲಿ ಕೆಫೆ ಕೆಫೆಯಲ್ಲೂ ಇದೆ. ಹಾಗಾಗಿ ಇದು ಇಲ್ಲಿಯ ಲೆಕ್ಕ.

ಆ ಹೊಸ ಇದ್ದಿಲನ್ನು ಎರಡರ ಜೊತೆ ಇಟ್ಟು ನೋಡಿದೆ. ಒಂದು, ಲೈಟರ್ ತಾಗಿಸಿದರೆ ಹೊತ್ತಿಕೊಳ್ಳುವ ಬಿಲ್ಲೆ. ಇನ್ನೊಂದು, ನಾವು ಯಾವಾಗಲೂ ತರುವ ಮಾಮೂಲಿ ಕರಟದ ಇದ್ದಿಲು. ಮೂರಕ್ಕೂ ಅದೇ ಮಣ್ಣಿನ ಚಿಲುಮೆ, ಅದೇ ಡಬಲ್ ಆಪಲ್ ರುಚಿಯ ತಂಬಾಕು, ತೂಕ ಹಾಕಿ ತುಂಬಿದ್ದು. ನೀರು ಕೊಳವೆಯ ತುದಿ ಒಂದು ಇಂಚು ಮುಳುಗುವಷ್ಟು. ಚಿಲುಮೆಯನ್ನೋ ತಂಬಾಕನ್ನೋ ಬದಲಿಸಿಬಿಟ್ಟರೆ ರುಚಿ ಯಾವುದರಿಂದ ಬಂತು ಅಂತ ಗೊತ್ತೇ ಆಗುವುದಿಲ್ಲ.

ಬಿಲ್ಲೆಯ ವಿಷಯ ಬೇಗ ಮುಗಿಯುತ್ತದೆ. ಅದರಲ್ಲಿ ಪೆಟ್ಲುಪ್ಪು ಇರುತ್ತದೆ, ಪಟಾಕಿ ಮದ್ದಿಗೆ ಹಾಕುತ್ತಾರಲ್ಲ, ಅದೇ. ಬೆಂಕಿ ತಾಗಿದ ಕೂಡಲೇ ಚರಚರ ಕಿಡಿ ಹಾರಿಸುತ್ತ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊತ್ತಿಕೊಳ್ಳುತ್ತದೆ. ಡಬಲ್ ಆಪಲ್‌ನಲ್ಲಿ ಮೊದಲು ನಾಲಿಗೆಗೆ ಸಿಗಬೇಕಾದ್ದು ಸೋಂಪಿನ ಘಮ. ಬಿಲ್ಲೆ ಇಟ್ಟರೆ ಅದರ ಮೇಲೆ ಒಂದು ಕಹಿ ಕೂತುಬಿಡುತ್ತದೆ. ಮುಕ್ಕಾಲು ಗಂಟೆ ಬಂದರೆ ದೊಡ್ಡದು. ಕರೆಂಟಿಲ್ಲದ ಮರಳುಗಾಡಿನ ಕ್ಯಾಂಪಿಗೆ ಸರಿ, ಮನೆಗೆ ಬೇಡ. ಆದರೆ ಅದರ ಪೊಟ್ಟಣದ ಮೇಲೆ ‘ಬೇಗ ಹೊತ್ತುತ್ತದೆ’ ಅಂತ ಮಾತ್ರ ಬರೆದಿದೆ. ಹೇಳಿದಷ್ಟನ್ನು ಮಾಡುತ್ತದೆ.

ಕರಟದ ಇದ್ದಿಲು ಬೇರೆ ಜಾತಿ. ಸುಟ್ಟ ಕರಟವನ್ನು ಪುಡಿ ಮಾಡಿ, ಮರಗೆಣಸಿನ ಹಿಟ್ಟಿನ ಗಂಜಿಯಲ್ಲಿ ಕಲಸಿ, ಅಚ್ಚಿನಲ್ಲಿ ಒತ್ತಿ ಒಣಗಿಸುತ್ತಾರೆ. ಇಲ್ಲಿ ಸಿಗುವುದು ಬಹುಪಾಲು ಇಂಡೋನೇಷ್ಯಾದ್ದು. ಲೈಟರಿಗೆಲ್ಲ ಬಗ್ಗುವುದಿಲ್ಲ. ಕಾಯಿಲ್ ಸ್ಟೋವ್ ಮೇಲಿಟ್ಟು, ಆಗಾಗ ಮಗ್ಗುಲು ಬದಲಿಸಿ, ಸುಮಾರು ಹತ್ತು ನಿಮಿಷ ಕಾಯಬೇಕು. ಆರೂ ಮುಖ ಕೆಂಪಾಗಬೇಕು. ಹೊಸದಕ್ಕೂ ಹಳೆಯದಕ್ಕೂ ಹಿಡಿದ ಹೊತ್ತು ಒಂದೇ.

ವಾಸನೆ ಇಲ್ಲ ಅಂದದ್ದು ನಿಜ. ಆದರೆ ಪೂರ್ತಿ ಕೆಂಡವಾದ ಮೇಲೆ ಹಳೆಯದಕ್ಕೂ ವಾಸನೆ ಇಲ್ಲ. ನಡುವೆ ಕಪ್ಪು ಉಳಿದಿರುವಾಗಲೇ ಚಿಲುಮೆ ಮೇಲಿಟ್ಟರೆ ಎರಡೂ ತಲೆ ಹಿಡಿಸುತ್ತವೆ. ಹೊಸದರಲ್ಲಿ ನನಗೆ ಹಿಡಿಸಿದ ಗುಣ ಒಂದಿದೆ, ಅದರ ಬಗ್ಗೆ ಡಬ್ಬಿ ಮೇಲೆ ಒಂದಕ್ಷರ ಇಲ್ಲ. ಇಕ್ಕಳದಲ್ಲಿ ಹಿಡಿದು ತಿರುಗಿಸುವಾಗ ಮೂಲೆ ಉದುರುವುದಿಲ್ಲ. ಹಳೆಯದರಲ್ಲಿ ಚಿಲುಮೆಗೆ ಮುಚ್ಚಿದ ಫಾಯಿಲ್ ಮೇಲೆ ಚೂರು ಬೀಳುವುದು ಮಾಮೂಲು.

ಇನ್ನು ಎರಡು ಗಂಟೆಯ ಮಾತು. ಕೆಂಡ ಮಾಡಿ ಒಂದು ತಟ್ಟೆಯಲ್ಲಿ ಮುಟ್ಟದೆ ಇಟ್ಟೆ. ಬೂದಿಯ ಒಳಗೆ ಕೆಂಪು ಎರಡು ಗಂಟೆಯ ಹತ್ತಿರ ಇತ್ತು. ಅಂದರೆ ಸುಳ್ಳು ಅನ್ನಲು ಆಗುವುದಿಲ್ಲ. ಆದರೆ ನಾವು ತಟ್ಟೆಯಲ್ಲಿಟ್ಟು ಸೇದುತ್ತೇವಾ? ಚಿಲುಮೆ ಮೇಲೆ ಎಳೆದಾಗೆಲ್ಲ ಗಾಳಿ ಆಡುತ್ತದೆ, ಕೆಂಡ ಬೇಗ ಸವೆಯುತ್ತದೆ. ತಂಬಾಕನ್ನು ಬಿಸಿಯಾಗಿ ಇಡುವ ಕಾವು ಹೊಸದರಲ್ಲಿ ಒಂದು ಗಂಟೆ, ಮೇಲೆ ಸ್ವಲ್ಪ. ಹಳೆಯದರಲ್ಲಿ ಅದಕ್ಕಿಂತ ಹತ್ತು ನಿಮಿಷ ಕಡಿಮೆ, ಅಷ್ಟೇ. ಕೆಂಪು ಕಾಣುವುದು ಬೇರೆ, ಕಾವು ಕೊಡುವುದು ಬೇರೆ. ಕಂಪನಿ ಮೊದಲನೆಯದನ್ನು ಅಳೆದು ಎರಡನೆಯದರ ಹೆಸರಲ್ಲಿ ಮಾರುತ್ತಿದೆ.

ಬೂದಿಗೆ ಎರಡು ಸ್ಟೀಲ್ ಲೋಟ ಇಟ್ಟುಕೊಂಡೆ. ಎರಡರಲ್ಲೂ ಸಮ ಸಂಖ್ಯೆಯ ತುಂಡುಗಳ ಬೂದಿ ಕೂಡಿಡುತ್ತ ಹೋದೆ. ಹೊಸದರದ್ದು ಇನ್ನಷ್ಟು ಬೆಳ್ಳಗಿತ್ತು, ನೋಡಲು ಚೆಂದ. ತೂಗಿದರೆ ಸಮಸಮ. ಕರಟದಲ್ಲಿ ಪೊಟ್ಯಾಶಿಯಂ, ಕ್ಯಾಲ್ಸಿಯಂ ಥರದ ಉರಿಯದ ಅಂಶಗಳಿವೆ. ಯಾರು ಒತ್ತಿ ಮಾರಿದರೂ ಅವು ಉಳಿಯಲೇಬೇಕು. ಅಂಗಡಿಯ ಅಣ್ಣನಿಗೆ ಇದನ್ನೇ ಹೇಳಿದೆ. ಅವರು ಕಂಪನಿ ಕಳಿಸಿದ ಲ್ಯಾಬ್ ರಿಪೋರ್ಟನ್ನೇ ತೆಗೆದು ತೋರಿಸಿದರು. ತೇವ ಇಷ್ಟು, ಇಂಗಾಲ ಇಷ್ಟು, ಬೂದಿ ಶೇಕಡಾ ಎರಡು ಚಿಲ್ಲರೆ. ಅವರದೇ ಕಾಗದದಲ್ಲಿ ಬೂದಿಗೆ ಒಂದು ಸಾಲು ಇದೆ!

ಆ ರಿಪೋರ್ಟಿನಲ್ಲಿ ಕಾರ್ಬನ್ ಮೊನಾಕ್ಸೈಡ್‌ಗೆ ಸಾಲೇ ಇರಲಿಲ್ಲ. ಡಬ್ಬಿ ಮೇಲೆ ಮಾತ್ರ ‘ಸಂಪೂರ್ಣ ಸುರಕ್ಷಿತ’.

ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲಿ. ಬೂದಿ, ಹೊತ್ತು, ವಾಸನೆ ಇವನ್ನೆಲ್ಲ ಕೊಂಡವರು ತಾವೇ ನೋಡಿ ತಿಳಿದುಕೊಳ್ಳಬಹುದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಇಂಗಾಲ ಅರೆಬರೆ ಉರಿದಾಗ ಅದು ಹುಟ್ಟುತ್ತದೆ. ಕರಟದ್ದಾದರೇನು, ನಿಂಬೆ ಮರದ್ದಾದರೇನು. ಪೆಟ್ಲುಪ್ಪು ಇಲ್ಲ ಅನ್ನುವುದು ಒಳ್ಳೆಯದೇ, ಆದರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಗಾಳಿಯಲ್ಲಿ ಈ ಅನಿಲ ಎಷ್ಟಿದೆ ಅಂತ ಅಂಕಿ ತೋರಿಸುವ ಅಲಾರಂ ಒಂದನ್ನು ಮೇಜಿನ ಮೇಲಿಟ್ಟು ನೋಡಿದೆ. ಕಿಟಕಿ ಮುಚ್ಚಿದ್ದಾಗ ಮೂರು ಇದ್ದಿಲಿಗೂ ಅಂಕಿ ಏರಿತು. ಕಿಟಕಿ ತೆರೆದರೆ ಇಳಿಯಿತು. ‘ಸುರಕ್ಷಿತ’ ಇದ್ದಿಲು ಈ ವಿಷಯದಲ್ಲಿ ಏನೂ ಬೇರೆ ಇರಲಿಲ್ಲ.

ನೀರು ಹೊಗೆಯನ್ನು ತೊಳೆಯುತ್ತದೆ ಅನ್ನುವವರೂ ಇದ್ದಾರೆ. ಹೊಗೆ ತಣ್ಣಗಾಗುತ್ತದೆ, ನಿಜ. ಆದರೆ ಈ ಅನಿಲ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಹೆಚ್ಚೂ ಕಡಿಮೆ ಇದ್ದ ಹಾಗೇ ದಾಟಿ ಬರುತ್ತದೆ. ತಂಬಾಕಿಲ್ಲದ ಹರ್ಬಲ್ ತುಂಬಿದರೂ ಅಷ್ಟೇ, ಮೇಲಿರುವುದು ಅದೇ ಕೆಂಡ ಅಲ್ವಾ? ಒಂದು ಸುತ್ತಿನಲ್ಲಿ 100 ಅಥವಾ ಇನ್ನೂ ಹೆಚ್ಚು ಸಿಗರೇಟಿನಷ್ಟು ಹೊಗೆ ಒಳಗೆ ಹೋಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಸೇದುವವರು ಇದನ್ನು ತಿಳಿದೇ ಸೇದಬೇಕು. ಮಾರುವವರು ಇದನ್ನು ಮುಚ್ಚಿಡುವುದು ತಪ್ಪು.

ಹೊಸ ಡಬ್ಬಿಯ ಬೆಲೆ ಇಳಿದರೆ ಕೊಳ್ಳಬಹುದು. ಮೂಲೆ ಉದುರದ ಗುಣಕ್ಕೆ, ಆ ಹತ್ತು ನಿಮಿಷಕ್ಕೆ ಸ್ವಲ್ಪ ಜಾಸ್ತಿ ಕೊಡಲು ನನಗೆ ಬೇಸರ ಇಲ್ಲ. ಎರಡರಷ್ಟು ಕೊಡುವುದಿಲ್ಲ. ಸದ್ಯಕ್ಕೆ ನಮ್ಮ ಗುಂಪಿಗೆ ಮಾಮೂಲಿ ಕರಟದ್ದೇ ಬರುತ್ತಿದೆ. ಕೂರುವುದು ಬಾಲ್ಕನಿಯಲ್ಲಿ, ಮಕ್ಕಳಿರುವ ಮನೆಯಲ್ಲಿ ಹಚ್ಚುವುದಿಲ್ಲ. ಅಂಗಡಿಯ ಅಣ್ಣನ ಹತ್ತಿರ ಕಂಪನಿಗೆ ಒಂದು ಚೀಟಿ ಕೊಟ್ಟಿದ್ದೇನೆ: ‘ಸಂಪೂರ್ಣ ಸುರಕ್ಷಿತ’ ಅನ್ನುವುದನ್ನು ಅಳಿಸಿ, ಆ ಜಾಗದಲ್ಲಿ ‘ಮುಚ್ಚಿದ ಕೋಣೆಯಲ್ಲಿ ಹಚ್ಚಬೇಡಿ’ ಎಂದು ಹಾಕಿ.