ವಿಎಂಗೆ ಯಾವ ಡಿಸ್ಕ್: ವರ್ಟಿಯೋ-ಬ್ಲಾಕ್, ಎನ್‌ವಿಡಿಮ್, ವರ್ಟಿಯೋ-ಪಿಮೆಮ್

ಪುಣೆಯ ಕೋಥ್ರೂಡ್‌ನಲ್ಲಿ ನಾನೂ ಹುಬ್ಬಳ್ಳಿಯ ಗೆಳೆಯನೂ ಸೇರಿ ಒಂದು ಡೆಸ್ಕ್‌ಟಾಪ್ ನಡೆಸುತ್ತೇವೆ. 16 ಜಿಬಿ ರ‍್ಯಾಮ್, ಲಿನಕ್ಸ್‌ನ ಕೆವಿಎಂ, ಅದರ ಮೇಲೆ ಕೆಲವು ವಿಎಂಗಳು, ಅಂದರೆ ಒಂದೇ ಯಂತ್ರದೊಳಗೆ ನಡೆಯುವ ವರ್ಚುವಲ್ ಕಂಪ್ಯೂಟರ್‌ಗಳು. ಡೆಸ್ಕ್‌ಟಾಪ್ ಹೋಸ್ಟ್, ಒಳಗಿನ ವಿಎಂ ಗೆಸ್ಟ್. ಒಂದು ವಿಎಂನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ. ಇಲ್ಲಿನ ಕನ್ನಡ ಮನೆಗಳವರು ಕೂಡಿಸಿದ ಪುಸ್ತಕಗಳ ಪಟ್ಟಿ, ಯಾರು ಯಾವುದನ್ನು ಒಯ್ದರು ಎಂಬ ಲೆಕ್ಕ ಎಲ್ಲ ಅದರಲ್ಲೇ. ಮಳೆ ಜೋರಾದರೆ ನಮ್ಮ ಗಲ್ಲಿಯಲ್ಲಿ ಕರೆಂಟ್ ಹೋಗುತ್ತದೆ. ಹಾಗಾಗಿ ವೇಗ ಆಮೇಲೆ. ಬರೆದದ್ದು ನಿಜವಾಗಿ ಡಿಸ್ಕ್ ತಲುಪಿತಾ, ಅದು ಮೊದಲು.

ವಿಎಂಗೆ ಡಿಸ್ಕ್ ಕೊಡುವ ಮೂರು ದಾರಿ ನೋಡಿದೆವು. ಗೆಸ್ಟ್‌ಗೆ ಮಾಮೂಲಿ ಡಿಸ್ಕ್ ಹಾಗೆ ಕಾಣುವ ವರ್ಟಿಯೋ-ಬ್ಲಾಕ್ ಎಲ್ಲರಿಗೂ ಗೊತ್ತಿರುವುದು. ಕ್ಯೂಕೌ2 ಇಮೇಜ್ (ವಿಎಂ ಡಿಸ್ಕ್‌ನ ಒಂದು ಫೈಲ್ ರೂಪ), ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸ್ಥಿತಿ ಉಳಿಸುವುದು), ಟ್ರಿಮ್ (ಖಾಲಿ ಜಾಗ ಬಿಟ್ಟುಕೊಡುವುದು) ಎಲ್ಲ ನಡೆಯುತ್ತದೆ. ತೊಂದರೆ ರ‍್ಯಾಮ್‌ನದು. ಹೋಸ್ಟ್ ಕ್ಯಾಶ್ ಬಳಸುವ ರೈಟ್‌ಬ್ಯಾಕ್ ಇಟ್ಟರೆ ಅದೇ ಡೇಟಾ ಗೆಸ್ಟ್‌ನ ಪೇಜ್ ಕ್ಯಾಶ್‌ನಲ್ಲೂ (ಡಿಸ್ಕ್ ಡೇಟಾದ ಪ್ರತಿಯನ್ನು ರ‍್ಯಾಮ್‌ನಲ್ಲಿಡುವ ಜಾಗ) ಹೋಸ್ಟ್‌ನದ್ದರಲ್ಲೂ ಕೂರುತ್ತದೆ. ಕ್ಯಾಶ್ ಬೇಡ ಎಂದರೆ ಹೋಸ್ಟ್‌ನ ಪ್ರತಿ ಹೋಗುತ್ತದೆ, ಆದರೆ ಗೆಸ್ಟ್ ಹಿಡಿದಿಟ್ಟದ್ದನ್ನು ಹೋಸ್ಟ್ ಸುಲಭವಾಗಿ ವಾಪಸ್ ಪಡೆಯಲಾಗದು.

ಎನ್‌ವಿಡಿಮ್ ಮೊದಲ ನೋಟಕ್ಕೆ ತುಂಬಾ ಹಿಡಿಸಿತು. ಹೋಸ್ಟ್‌ನ ಒಂದು ಫೈಲನ್ನು ಕ್ಯೂಎಮು (ವಿಎಂ ನಡೆಸುವ ಪ್ರೋಗ್ರಾಂ) ಗೆಸ್ಟ್‌ಗೆ, ಕರೆಂಟ್ ಹೋದರೂ ಮರೆಯದ ಮೆಮೊರಿ ಮಾಡ್ಯೂಲ್ ಹಾಗೆ ತೋರಿಸುತ್ತದೆ. ಗೆಸ್ಟ್‌ನಲ್ಲಿ ಇಎಕ್ಸ್‌ಟಿ4 ಫೈಲ್‌ಸಿಸ್ಟಂ ಹಾಕಿ ಡ್ಯಾಕ್ಸ್ (ಪೇಜ್ ಕ್ಯಾಶ್ ಬಿಟ್ಟು ನೇರವಾಗಿ ಓದಿ ಬರೆಯುವುದು) ಜೊತೆ ಮೌಂಟ್ ಮಾಡಿದರೆ ಗೆಸ್ಟ್‌ನ ಕ್ಯಾಶ್ ಬೆಳೆಯುವುದೇ ಇಲ್ಲ. ಓದುವುದು ಸರಾಗ.

ಆಮೇಲೆ ಹೋಸ್ಟ್‌ನಲ್ಲಿ ಕ್ಯೂಎಮು ಮೇಲೆ ಎಸ್‌ಟ್ರೇಸ್ (ಪ್ರೋಗ್ರಾಂ ಕರ್ನಲ್‌ಗೆ ಕಳಿಸುವ ಕರೆಗಳನ್ನು ತೋರಿಸುವ ಸಾಧನ) ಇಟ್ಟು, ಬರೆದದ್ದನ್ನು ಡಿಸ್ಕ್‌ಗೆ ತಲುಪಿಸು ಎನ್ನುವ ಎಫ್‌ಸಿಂಕ್ ಕರೆಗಳನ್ನು ಮಾತ್ರ ನೋಡಿದೆವು. ಪೋಸ್ಟ್‌ಗ್ರೆಸ್ ಕಮಿಟ್ (ಬದಲಾವಣೆಯನ್ನು ಕಾಯಂ ಮಾಡುವುದು) ಮೇಲೆ ಕಮಿಟ್ ಮಾಡುತ್ತಿತ್ತು. ಹೋಸ್ಟ್‌ನಲ್ಲಿ ಒಂದು ಕರೆಯೂ ಇಲ್ಲ! ಇದು ನಿಜವಾದ ಎನ್‌ವಿಡಿಮ್ ಎಂದೇ ಗೆಸ್ಟ್ ನಂಬಿರುತ್ತದೆ. ಸಿಪಿಯು ಕ್ಯಾಶ್ ಖಾಲಿ ಮಾಡಿದರೆ ಕೆಲಸ ಮುಗಿಯಿತು ಅನ್ನುತ್ತದೆ. ಆದರೆ ಕೆಳಗಿರುವುದು ಹೋಸ್ಟ್‌ನ ಪೇಜ್ ಕ್ಯಾಶ್, ಅಂದರೆ ಸಾಮಾನ್ಯ ರ‍್ಯಾಮ್. ವಿಎಂ ಪ್ರೊಸೆಸ್ಸನ್ನು ಕೊಂದು ಪರೀಕ್ಷಿಸಿದರೆ ಏನೂ ಕಳೆಯುವುದಿಲ್ಲ, ಯಾಕೆಂದರೆ ಆ ಕ್ಯಾಶ್ ಉಳಿದಿರುತ್ತದೆ. ಹೋಸ್ಟ್‌ಗೇ ಕರೆಂಟ್ ಹೋದರೆ ಡೇಟಾ ಹೋಗುತ್ತದೆ. ಹೋಸ್ಟ್‌ನಲ್ಲಿ ನಿಜವಾದ ಪರ್ಸಿಸ್ಟೆಂಟ್ ಮೆಮೊರಿ ಇದ್ದರೆ ಎನ್‌ವಿಡಿಮ್ ಸರಿ. ಆದರೆ ಅಂಥ ಮೆಮೊರಿಯಾದ ಆಪ್ಟೇನ್‌ನ ವ್ಯಾಪಾರವನ್ನು ಮುಚ್ಚುವುದಾಗಿ ಇಂಟೆಲ್ 2022ರಲ್ಲೇ ಹೇಳಿತು. ಮನೆಯ ಮಷೀನ್‌ನಲ್ಲಿ ಅದೆಲ್ಲಿ ಬರಬೇಕು?

ವರ್ಟಿಯೋ-ಪಿಮೆಮ್ ಈ ತೂತನ್ನೇ ಮುಚ್ಚುತ್ತದೆ. ಲಿನಕ್ಸ್ 5.3 ಮತ್ತು ಕ್ಯೂಎಮು 4.1ರಲ್ಲಿ, ಎರಡೂ 2019ರಲ್ಲಿ, ಬಂತು. ಇಲ್ಲೂ ಫೈಲ್ ನೇರವಾಗಿ ಗೆಸ್ಟ್ ಮೆಮೊರಿಯಲ್ಲಿ ಕಾಣುತ್ತದೆ, ಡ್ಯಾಕ್ಸ್ ನಡೆಯುತ್ತದೆ. ಜೊತೆಗೆ ಫ್ಲಶ್ ಕೋರಿಕೆ ಕಳಿಸಲು ಒಂದು ಕ್ಯೂ ಇದೆ. ಗೆಸ್ಟ್ ಎಫ್‌ಸಿಂಕ್ ಮಾಡಿದರೆ ಕ್ಯೂಎಮು ಆ ಫೈಲ್ ಮೇಲೆ ಎಫ್‌ಸಿಂಕ್ ಮಾಡುತ್ತದೆ. ಎಸ್‌ಟ್ರೇಸ್‌ನಲ್ಲಿ ಸಾಲುಗಳು ಒಂದರ ಹಿಂದೆ ಒಂದು ಬಂದಾಗ ನಮಗೆ ನೆಮ್ಮದಿಯಾಯಿತು. ಎಫ್‌ಸಿಂಕ್ ಇಲ್ಲದೆಯೇ ಡೇಟಾ ಭದ್ರ ಎಂದು ನಂಬುವ ಮ್ಯಾಪ್-ಸಿಂಕ್ ಮಾತ್ರ ಇಲ್ಲಿ ಸಿಗದು. ಸಿಗಬಾರದು ಕೂಡ.

ಓದುವಾಗ ಲಾಭ ಚೆನ್ನಾಗಿ ಕಂಡಿತು. ಕಮಿಟ್ ವೇಗದಲ್ಲಿ ವರ್ಟಿಯೋ-ಬ್ಲಾಕ್‌ಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಕಾಯುವುದು ಅದೇ ಎಸ್‌ಎಸ್‌ಡಿಗೆ ಅಲ್ವಾ?

ಬೆಲೆಯೂ ಇದೆ. ರಾ ಫೈಲ್ (ಡಿಸ್ಕ್‌ನ ಬೈಟ್‌ಗಳು ಇದ್ದ ಹಾಗೇ ಇರುವುದು) ಮಾತ್ರ ನಡೆಯುತ್ತದೆ, ಕ್ಯೂಕೌ2 ಆಗದು. ಪ್ರತಿ 4 ಕೆಬಿ ಪೇಜಿನ (ಮೆಮೊರಿಯ ತುಂಡಿನ) ಲೆಕ್ಕಕ್ಕೆ ಗೆಸ್ಟ್ ತನ್ನ ರ‍್ಯಾಮ್‌ನಲ್ಲಿ 64 ಬೈಟ್ ಇಡುತ್ತದೆ. ಅಂದರೆ ಒಂದು ಜಿಬಿಗೆ 16 ಎಂಬಿ. 20 ಜಿಬಿ ಡಿವೈಸ್ ಕೊಟ್ಟರೆ 320 ಎಂಬಿ ಹೋಯಿತು. ಸಣ್ಣ ವಿಎಂಗೆ ಸುಮ್ನೆ ದೊಡ್ಡ ಫೈಲ್ ಕೊಡಬೇಡಿ. ಕ್ಯೂಎಮುನಲ್ಲಿ ಮ್ಯಾಕ್ಸ್‌ಮೆಮ್‌ಗೆ (ವಿಎಂ ಮೆಮೊರಿಯ ಗರಿಷ್ಠ ಮಿತಿಗೆ) ಆ ಜಾಗವನ್ನೂ ಸೇರಿಸಿ, ಫೈಲಿನ ಶೇರ್ ಆಯ್ಕೆ ಆನ್ ಇರಲಿ. ಶೇರ್ ಇಲ್ಲದಿದ್ದರೆ ಬರೆದದ್ದು ಫೈಲಿಗೆ ಹೋಗುವುದೇ ಇಲ್ಲ.

ಈಗ ಓಎಸ್ ಇರುವ ರೂಟ್ ಡಿಸ್ಕ್ ವರ್ಟಿಯೋ-ಬ್ಲಾಕ್‌ನಲ್ಲೇ ಇದೆ, ಸ್ನ್ಯಾಪ್‌ಶಾಟ್ ಬೇಕಲ್ಲ. ಪೋಸ್ಟ್‌ಗ್ರೆಸ್ ಡೇಟಾ ವರ್ಟಿಯೋ-ಪಿಮೆಮ್ ಮೇಲಿದೆ, ರಾತ್ರಿ ಡಂಪ್ (ಡೇಟಾಬೇಸ್‌ನ ಬ್ಯಾಕಪ್ ಪ್ರತಿ) ತಪ್ಪಿಸುವುದಿಲ್ಲ. ಬೇರೆಯವರಿಗೂ ವಿಎಂ ಕೊಡುವುದಾದರೆ ಒಬ್ಬೊಬ್ಬರಿಗೆ ಒಂದೊಂದು ಫೈಲ್ ಕೊಡಿ. ಒಂದೇ ಫೈಲ್ ಹಂಚಿದರೆ, ಯಾವ ಪೇಜ್ ಕ್ಯಾಶ್‌ನಲ್ಲಿದೆ ಎಂಬುದನ್ನು ಸಮಯ ಅಳೆದು ಒಬ್ಬರು ಇನ್ನೊಬ್ಬರ ಚಟುವಟಿಕೆ ಊಹಿಸಬಹುದು.