ಮೆಟ್ರೋ ಮಾರ್ಗ ಬದಲಾಗಿ 2 ವರ್ಷ: ನನ್ನ ನೇರ ರೈಲು ಹೋಯಿತು, ಆದರೂ…

7 ವರ್ಷ ಒಂದೇ ರೈಲಿನಲ್ಲಿ ಆಫೀಸಿಗೆ ಹೋಗಿ ಬಂದೆ. ಮನೆ ಹತ್ತಿರ ಹತ್ತಿದರೆ ಆಫೀಸ್ ಹತ್ತಿರವೇ ಇಳಿಯುವುದು. ಹಿಂದಿನಿಂದ ಎರಡನೇ ಬೋಗಿ, ಬಾಗಿಲ ಪಕ್ಕದ ಮೂಲೆ ಸೀಟು. ಕೂತ ಕೂಡಲೇ ಚೀಲದಿಂದ ಪುಸ್ತಕ ತೆಗೆಯುತ್ತಿದ್ದೆ. ಮನೆಯಲ್ಲೂ ಆಫೀಸಿನಲ್ಲೂ ಸಿಗದ 40 ನಿಮಿಷ ಅಲ್ಲಿ ಸಿಗುತ್ತಿತ್ತು.

2 ವರ್ಷದ ಹಿಂದೆ ಮಾರ್ಗಗಳನ್ನು ಸರಳ ಮಾಡಿದರು. ಒಂದು ಲೈನಿನ ರೈಲು ಇನ್ನೊಂದು ಲೈನಿನ ಹಳಿಗೆ ಹೋಗುವಂತಿಲ್ಲ, ಅಷ್ಟೇ. ನನ್ನ ನೇರ ರೈಲು ನಿಂತುಹೋಯಿತು. ಮಧ್ಯದಲ್ಲಿ ಇಳಿದು ಬೇರೆ ಗಾಡಿ ಹತ್ತಬೇಕಾಯಿತು. ಮೊದಲ ತಿಂಗಳು ತುಂಬಾ ಸಿಟ್ಟು ಬಂದಿತ್ತು. ಪುಸ್ತಕದಲ್ಲಿ ಮನಸ್ಸು ಇಳಿಯುವ ಹೊತ್ತಿಗೆ ಸ್ಟೇಷನ್ ಬಂದಿರುತ್ತಿತ್ತು. ಎರಡನೇ ಗಾಡಿಯಲ್ಲಿ ಸೀಟು ಸಿಗುವ ಖಾತ್ರಿಯೂ ಇಲ್ಲ. ಹೀಗೇ ಬರೆಯಲು ಕೂತಿದ್ದರೆ ಆಗ 1 ಸ್ಟಾರ್ ಕೊಟ್ಟುಬಿಡುತ್ತಿದ್ದೆ.

ಮನಸ್ಸು ಬದಲಾಗಿದ್ದು ಒಂದು ಮಂಗಳವಾರ ಬೆಳಗ್ಗೆ. ಓದುತ್ತಾ ತಲೆ ಎತ್ತಿದರೆ ಜಂಕ್ಷನ್ ದಾಟಿ ಆಗಿತ್ತು. ನಾವು ಸುರಂಗದಲ್ಲಿ ನಿಂತೇ ಇರಲಿಲ್ಲ.

ಮೊದಲು ಅಲ್ಲಿ ದಿನಾ ನಿಲ್ಲುತ್ತಿದ್ದೆವು. ರೈಲು ನಿಧಾನವಾಗಿ ನಿಲ್ಲುವುದು, ಮೋಟಾರ್ ಸದ್ದು ಅಡಗುವುದು, ಯಾರೋ ಕೆಮ್ಮುವುದು, ಕಿಟಕಿ ಆಚೆ ಮಸಿ ಹಿಡಿದ ಗೋಡೆ ಮೇಲೆ ಒಂದು ಕೆಂಪು ದೀಪ. ಎರಡು ನಿಮಿಷ, ಕೆಲವು ಸಲ ಐದು. ಎರಡು ಲೈನಿನ ಗಾಡಿಗಳು ಅಲ್ಲಿ ಒಂದೇ ಹಳಿಗೆ ಸೇರಬೇಕಿತ್ತು, ಒಂದು ದಾಟುವ ತನಕ ಇನ್ನೊಂದು ಕಾಯಬೇಕಿತ್ತು. ಇನ್ನೊಂದು ಲೈನಿನ ಯಾವುದೋ ಸ್ಟೇಷನ್ನಿನಲ್ಲಿ ಬಾಗಿಲು ಮುಚ್ಚಲು ಅರ್ಧ ನಿಮಿಷ ತಡವಾದರೆ ಇಲ್ಲಿ ನಮ್ಮ ಗಾಡಿ ನಿಲ್ಲುತ್ತಿತ್ತು. ನಮ್ಮ ಹಿಂದೆ ಬರುವವೂ ನಿಲ್ಲುತ್ತಿದ್ದವು. ಒಂದು ಕಡೆಯ ತಡ ಊರಿನ ಇನ್ನೊಂದು ತುದಿ ತನಕ ಹೋಗುತ್ತಿತ್ತು. 7 ವರ್ಷ ಇದನ್ನು ಮಳೆ ಬಿಸಿಲಿನ ಹಾಗೆ ಸಹಿಸಿಕೊಂಡಿದ್ದೆ. ಸರಿಮಾಡಬಹುದು ಅಂತ ಹೊಳೆದೇ ಇರಲಿಲ್ಲ.

ಆಮೇಲೆ ಹುಡುಕಿ ಓದಿದೆ. ನ್ಯೂಯಾರ್ಕಿನಲ್ಲಿ ಇಂಥದ್ದೇ ಒಂದು ದೊಡ್ಡ ಗಂಟು ಇದೆ. ಬ್ರೂಕ್ಲಿನ್‌ನ ಡಿಕಾಲ್ಬ್ ಅವೆನ್ಯೂ ಹತ್ತಿರ ಬಿ, ಡಿ, ಎನ್, ಕ್ಯೂ ನಾಲ್ಕೂ ಮಾರ್ಗದ ರೈಲುಗಳು ಒಂದರ ದಾರಿಯಲ್ಲಿ ಒಂದು ನುಗ್ಗಿ ಮ್ಯಾನ್‌ಹ್ಯಾಟನ್ ಸೇತುವೆ ಹತ್ತುತ್ತವೆ. ಈ ಗಂಟು ಬಿಡಿಸುವುದಕ್ಕೆ ಅಲ್ಲಿನವರು ಡಿಇಂಟರ್‌ಲೈನಿಂಗ್ ಅನ್ನುತ್ತಾರೆ. ಲಂಡನ್ನಿನ ವಿಕ್ಟೋರಿಯಾ ಲೈನಿಗೆ ಕವಲುಗಳೇ ಇಲ್ಲ. 2017ರಿಂದ ಅಲ್ಲಿ ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 36 ರೈಲು, ಅಂದರೆ 100 ಸೆಕೆಂಡಿಗೆ ಒಂದು. ಹಳಿ ಹಂಚಿಕೊಳ್ಳುವ ಜಂಜಾಟವಿದ್ದರೆ ಅಷ್ಟು ಓಡಿಸುವುದು ಬಹಳ ಕಷ್ಟ.

ನನ್ನ ಲೆಕ್ಕ ಹೇಳುತ್ತೇನೆ. ಮೊದಲು ನೇರ ರೈಲು 10 ನಿಮಿಷಕ್ಕೊಂದು. ನಡುವೆ ಬರುವ ಇನ್ನೊಂದು ಮಾರ್ಗದ ಗಾಡಿ ನನಗೆ ಉಪಯೋಗವಿಲ್ಲ, ಸುಮ್ನೆ ನೋಡುತ್ತಾ ನಿಲ್ಲಬೇಕು. ಸರಾಸರಿ 5 ನಿಮಿಷ ಕಾಯುವುದು. ಈಗ ಎರಡೂ ಲೈನಿನಲ್ಲಿ 4 ನಿಮಿಷಕ್ಕೊಂದು ಗಾಡಿ. ಎರಡು ಸಲ ಕಾದರೂ ಸರಾಸರಿ 4 ನಿಮಿಷ! ಸುರಂಗದಲ್ಲಿ ನಿಲ್ಲುವುದು ತಪ್ಪಿದ್ದು ಬೇರೆ.

ಅದಕ್ಕಿಂತ ಖುಷಿ ಕೊಟ್ಟದ್ದು ಒಂದಿದೆ. ಈಗ ಬೋರ್ಡು ನೋಡುವುದೇ ಇಲ್ಲ. ಬಂದ ಗಾಡಿ ನನ್ನ ಗಾಡಿ. ಗಾಡಿ ಬದಲಿಸುವ ಕಡೆ ಇಳಿದರೆ ಎದುರಿಗೇ ಇನ್ನೊಂದು ಪ್ಲಾಟ್‌ಫಾರಂ, ಏಳೆಂಟು ಹೆಜ್ಜೆ ಅಷ್ಟೇ. ಕೆಲವು ಬೆಳಗ್ಗೆ ಎರಡು ಗಾಡಿಯ ಬಾಗಿಲೂ ಒಟ್ಟಿಗೇ ತೆರೆಯುತ್ತವೆ. ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಇಳಿಯುತ್ತೇನೆ, ಆ ಕಡೆ ಹತ್ತಿ ಅದೇ ಸಾಲಿನಿಂದ ಮುಂದುವರಿಸುತ್ತೇನೆ.

ಆದರೆ ಇದು ಹೋಗುವಾಗಿನ ಮಾತು. ಬರುವಾಗ ಹಾಗಲ್ಲ. ವಾಪಸ್ ಗಾಡಿ ಹಿಡಿಯಲು ಮೆಟ್ಟಿಲಿಳಿದು, ಇಕ್ಕಟ್ಟಿನ ಓಣಿಯಲ್ಲಿ ನಡೆದು, ಮತ್ತೆ ಮೆಟ್ಟಿಲು ಹತ್ತಬೇಕು. ಸಂಜೆ 6ಕ್ಕೆ ಅಲ್ಲಿ ಭುಜಕ್ಕೆ ಭುಜ ತಾಗುತ್ತದೆ. ಲಿಫ್ಟ್ ಇರುವುದು ಪ್ಲಾಟ್‌ಫಾರಂನ ಆ ತುದಿಯಲ್ಲಿ. ಲಂಡನ್ನಿನವರು ಕವಲುಗಳ ಗಾಡಿಗಳು ಬೆರೆಯುವ ತಮ್ಮ ನಾರ್ದರ್ನ್ ಲೈನನ್ನು ಎರಡು ಬೇರೆ ಲೈನು ಮಾಡಬೇಕೆಂದು ಯೋಚಿಸಿಯೂ ಮುಂದೂಡಿದ್ದು ಇದಕ್ಕೇ: ಗಾಡಿ ಬದಲಿಸುವ ಜನವನ್ನು ಹಿಡಿಸಿಕೊಳ್ಳುವಷ್ಟು ಕ್ಯಾಮ್ಡನ್ ಟೌನ್ ಸ್ಟೇಷನ್ ದೊಡ್ಡದಿಲ್ಲ. ಇಲ್ಲೂ ಮೊದಲು ಆ ಓಣಿ ಅಗಲ ಮಾಡಿ ಆಮೇಲೆ ಮಾರ್ಗ ಬದಲಿಸಬೇಕಿತ್ತು ಅಲ್ವಾ? ರಾತ್ರಿ 10ರ ಮೇಲೆ ಗಾಡಿ 12 ನಿಮಿಷಕ್ಕೊಂದು. ಆಗ ಎರಡು ಸಲ ಕಾಯುವುದು ನಿಜಕ್ಕೂ ಜಾಸ್ತಿಯೇ.

ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವವರಿಗೆ ಈ ಬದಲಾವಣೆ ಒಳ್ಳೆಯದು. ಹಳೆಯದು ವಾಪಸ್ ಬೇಕಾ ಅಂತ ಕೇಳಿದರೆ ಬೇಡ ಅನ್ನುತ್ತೇನೆ. 4 ಸ್ಟಾರ್. ಐದನೆಯದು ಅಮ್ಮನ ಮಂಡಿನೋವಿಗೆ ಹೋಯಿತು. ಮೊದಲು ಅವರನ್ನು ನೇರ ರೈಲಿನಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುತ್ತಿದ್ದೆ. ಈಗ ಹೋಗುವಾಗ ಮೆಟ್ರೋ, ಬರುವಾಗ ಬಸ್ಸು.