ಮಗಳಿಗೆ ಪಿಯುಸಿ, ಮಗನಿಗೆ ಡಿಪ್ಲೊಮಾ

ಮಗು ಇಂಜಿನಿಯರಿಂಗೇ ಓದಬೇಕು ಅಂತಿದ್ದು ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ, ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಸರ್ಕಾರಿ ಪಾಲಿಟೆಕ್ನಿಕ್‌ಗೆ ಸೇರಿಸಿ. ಎರಡೂ ದಾರಿ ಕಂಡಿದ್ದೇನೆ. ಮಗಳು ಪಿಯುಸಿ ಮಾಡಿ ಸಿಇಟಿ ಬರೆದಳು, ಮಗ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಹೋದ. ವರ್ಷದ ಲೆಕ್ಕ ಒಂದೇ: ಅವಳದು ಪಿಯುಸಿ 2 + ಬಿಇ 4, ಇವನದು ಡಿಪ್ಲೊಮಾ 3 + ಬಿಇ 3.

ಖರ್ಚಿನ ಲೆಕ್ಕ ಒಂದೇ ಅಲ್ಲ. ಮಗಳ ಖಾಸಗಿ ಪಿಯು ಕಾಲೇಜು, ಹಾಸ್ಟೆಲ್, ಸಿಇಟಿ ಕೋಚಿಂಗ್ ಎಲ್ಲ ಸೇರಿ ಎರಡು ವರ್ಷಕ್ಕೆ ಎರಡೂವರೆ ಲಕ್ಷ ಮುಟ್ಟಿತು. ಬಳೆ ಅಡವಿಟ್ಟೆ. ಮಗನಿಗೆ ವರ್ಷದ ಫೀಸು ಐದಾರು ಸಾವಿರ, ಮೇಲೆ ಬಸ್ ಪಾಸು, ಅಷ್ಟೇ. ಸಿಇಟಿ ರ‍್ಯಾಂಕಿಗೆ ಅರ್ಧ ಲೆಕ್ಕ ದ್ವಿತೀಯ ಪಿಯು ಅಂಕದ್ದು. ಫಿಸಿಕ್ಸ್ ಒಂದು ಪತ್ರಿಕೆ ಕೆಟ್ಟಿದ್ದಕ್ಕೆ ಅವಳು ಆಸೆಪಟ್ಟ ಕಾಲೇಜು ತಪ್ಪಿತು. ಆವತ್ತು ಓದು ಅಲ್ಲಿಗೇ ನಿಂತಿದ್ದರೆ ಅವಳ ಕೈಲಿ ಕಸುಬು ಅನ್ನೋದು ಏನೂ ಇರಲಿಲ್ಲ. ಇವನು ಡಿಪ್ಲೊಮಾ ಎರಡನೇ ವರ್ಷದಲ್ಲೇ ನಮ್ಮ ತೋಟದ ಪಂಪ್‌ಸೆಟ್‌ನ ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿ, ಸುಟ್ಟ ಕಾಯಿಲ್ ಬದಲಾಯಿಸಿ ಕೊಟ್ಟ.

ಡಿಪ್ಲೊಮಾದಲ್ಲಿ ನಮ್ಮನ್ನು ಕಾಡಿದ್ದು ಗಣಿತ. ಇದನ್ನು ಸೇರಿಸುವಾಗ ಯಾರೂ ಹೇಳಲಿಲ್ಲ. ಪಿಯುಸಿಯಲ್ಲಿ ಎರಡು ವರ್ಷ ಗಣಿತ ಅರೆಯುತ್ತಾರೆ. ಪಾಲಿಟೆಕ್ನಿಕ್‌ನಲ್ಲಿ ಮೊದಲ ವರ್ಷ ಕಳೆದ ಮೇಲೆ ಅದರ ಗೊಡವೆ ಹೆಚ್ಚುಕಮ್ಮಿ ಇರುವುದಿಲ್ಲ. ಹಾಗೆ ಬಂದ ನನ್ನ ಮಗ ಬಿಇ ಮೂರನೇ ಸೆಮಿಸ್ಟರ್‌ನಲ್ಲಿ ಕೂತ ದಿನವೇ ಬೋರ್ಡ್ ಮೇಲೆ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್, ಫೂರಿಯೆ ಸರಣಿ. ಅದರ ಜೊತೆಗೆ ಡಿಪ್ಲೊಮಾದವರಿಗೆಂದೇ ಆಗ ಇನ್ನೊಂದು ಗಣಿತ ಪತ್ರಿಕೆ ಇತ್ತು: ಕ್ರೆಡಿಟ್ ಸಿಗುತ್ತಿರಲಿಲ್ಲ, ಆದರೆ ಪಾಸಾಗದೆ ಡಿಗ್ರಿ ಇರಲಿಲ್ಲ.

ಮೊದಲ ಇಂಟರ್ನಲ್ಸ್‌ನಲ್ಲಿ ಐವತ್ತಕ್ಕೆ ಒಂಬತ್ತು ಬಂತು. ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಕ್ಕ ಅಟ್ಟದಿಂದ ತನ್ನ ದ್ವಿತೀಯ ಪಿಯು ಗಣಿತ ಪುಸ್ತಕದ ಎರಡನೇ ಭಾಗ ಇಳಿಸಿ, ಧೂಳು ಒರೆಸಿ, ಇಂಟಿಗ್ರೇಶನ್ನಿಂದ ಶುರುಮಾಡಿದಳು. ಅಡುಗೆಮನೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಸೂತ್ರ ಬರೆದಿಟ್ಟಳು. ಪ್ರತಿ ಭಾನುವಾರ ಮೂರು ಗಂಟೆ, ನಾಲ್ಕು ತಿಂಗಳು. ಪಾಸಾದ. ಮನೆಯಲ್ಲಿ ಅಕ್ಕ ಇಲ್ಲದ ಮಕ್ಕಳು ಏನು ಮಾಡಬೇಕು? ಡಿಪ್ಲೊಮಾ ಕೊನೇ ವರ್ಷದಲ್ಲೇ ಆ ಪುಸ್ತಕ ಹಿಡಿಸಿ, ಈ ಸಂಕಟ ಅರ್ಧ ಇಳಿಯುತ್ತೆ.

ಲ್ಯಾಬ್‌ನಲ್ಲಿ ಮಾತ್ರ ಪಿಯುಸಿಯಿಂದ ಬಂದವರು ಕನೆಕ್ಷನ್ ಕೊಡೋಕೆ ಇವನನ್ನೇ ಕರೆಯುತ್ತಾರೆ.

ಡಾಕ್ಟರ್ ಆಗುವ ಆಸೆ ಇದ್ದರೆ ಡಿಪ್ಲೊಮಾ ಬೇಡ, ನೀಟ್‌ಗೆ ಪಿಯುಸಿ ಮಟ್ಟದ ಬಯಾಲಜಿ ಪಾಸಾಗಿರಲೇಬೇಕು.

ತಿಂಗಳ ಕೊನೆಗೆ ಹೊಲಿಗೆ ದುಡ್ಡಿನಲ್ಲಿ ಎರಡು ಸಾವಿರ ಉಳಿಸುವ ನಮ್ಮಂಥ ಮನೆಗೆ ಪಾಲಿಟೆಕ್ನಿಕ್ಕೇ ಸೈ. ಈ ಸಲ ತಂಗಿ ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು. ಪಾಲಿಟೆಕ್ನಿಕ್ ಅರ್ಜಿ ಹಾಕಿಸಿದೆ, ಆ ಗಣಿತ ಪುಸ್ತಕವನ್ನೂ ಅವಳ ಕೈಗೇ ಕೊಟ್ಟು ಕಳಿಸಿದೆ.